ನಾಯಿಮರಿಗೆ ಮನೆಯಲ್ಲೇ ತರಬೇತಿ: ಎರಡು ಮಳೆಗಾಲ ಕಳೆದ ಮೇಲೆ ಬರೆದ ವಿಮರ್ಶೆ

ಶಿವಮೊಗ್ಗದಿಂದ ಮನೆಗೇ ಬಂದು ನಾಯಿಮರಿಗೆ ಕಲಿಸಿಕೊಡುವ ಒಂದು ಪ್ಯಾಕೇಜ್ ತಗೊಂಡಿದ್ದೆವು. ಕೋರ್ಸ್ ಮುಗಿದ ಕೂಡಲೇ ಸ್ಟಾರ್ ಕೊಡಿ ಅಂತ ಮೆಸೇಜ್ ಬಂತು. ಮರಿ ಹೇಳಿದಾಗ ಕೂರುತ್ತದೆ, ಕರೆದರೆ ಬರುತ್ತದೆ, ಖುಷಿಯಲ್ಲಿ ಐದು ಒತ್ತುವುದು ಸುಲಭ. ಆದರೆ ವರ್ಷ ತುಂಬಿ ಮೈಯಲ್ಲಿ ಪೊಗರು ಬಂದ ಮೇಲೂ ಏನು ಉಳಿದಿದೆ ಅನ್ನೋದು ಮುಖ್ಯ ಅಲ್ವಾ? ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ. ಈಗ ಕೊಡುವುದು ನಾಲ್ಕು. ಆ ನಾಲ್ಕೂ ಬಂದು ಕಲಿಸಿದ ಹುಡುಗನಿಗೆ. ಕಂಪನಿಗೇ ಬೇರೆಯಾಗಿ ಕೊಡಬೇಕು ಅಂದರೆ ಎರಡು ದಾಟುವುದಿಲ್ಲ.

ನಮ್ಮದು ಮಂಡಗದ್ದೆ ಕಡೆ ಅಡಿಕೆ ತೋಟದ ಮನೆ. ನಮ್ಮ ಕಡೆ ನಾಯಿಗೆ ತರಬೇತಿ ಅಂದರೆ ಜನ ನಗುತ್ತಾರೆ. ನಾಯಿ ಅಂದರೆ ಅಂಗಳದಲ್ಲಿ ಬಿದ್ದುಕೊಂಡಿರುತ್ತೆ, ಉಳಿದ ಅನ್ನ ತಿನ್ನುತ್ತೆ, ರಾತ್ರಿ ಬೊಗಳುತ್ತೆ, ಅಷ್ಟೇ. ಆದರೆ ಚಿರತೆ ಕಾಟದಿಂದ ಈಗ ರಾತ್ರಿ ನಾಯಿಯನ್ನು ಹೊರಗೆ ಬಿಡುವ ಹಾಗಿಲ್ಲ. ಜಗಲಿಯಲ್ಲಿ ಕಟ್ಟಿದ ನಾಯಿ ಬೆಳಗಾಗುವಾಗ ಸರಪಳಿ ಮಾತ್ರ ಬಿಟ್ಟು ಹೋಗಿರುವ ಕಥೆ ಮಲೆನಾಡಿನ ಪ್ರತಿ ಊರಲ್ಲೂ ಇದೆ. ಹಾಗಾಗಿ ನಮ್ಮ ಮರಿ ಜಿಮ್ಮಿ ಮೊದಲ ದಿನದಿಂದಲೇ ಮನೆಯೊಳಗೆ ಮಲಗಬೇಕಾಯಿತು. ಒಳಗೆ ಮಲಗುವ ನಾಯಿಗೆ ಒಳಗಿನ ರೀತಿನೀತಿ ಗೊತ್ತಿರಬೇಕು. ಮಾವನಿಗೆ ಇದು ಒಪ್ಪಿಗೆ ಇರಲಿಲ್ಲ. ‘ಸಕ್ರೆಬೈಲಲ್ಲಿ ಆನೆಗೆ ಕಲಿಸ್ತಾರೆ ಸರಿ, ಊರ ನಾಯಿಗೆ ಎಂಥ ಸ್ಕೂಲು ಮಾರಾಯ್ತಿ?’ ಅಂದರು. ದುಡ್ಡು ಕೊಟ್ಟವರೂ ಅವರೇ ಅನ್ನಿ.

ಮೊದಲ ದಿನ ಬಂದ ಹುಡುಗ ಮರಿಯನ್ನು ಮುಟ್ಟಲೇ ಇಲ್ಲ. ಕಾಫಿ ಕುಡಿಯುತ್ತಾ ನಮ್ಮನ್ನು ನೋಡುತ್ತಾ ಕೂತ. ಮರಿ ಕಾಲಿಗೆ ಹಾರಿದಾಗ ಅತ್ತೆ ‘ಹಚ್ಚಾ’ ಅಂದರು, ಮಗಳು ಎತ್ತಿಕೊಂಡು ಮುದ್ದು ಮಾಡಿದಳು, ನನ್ನ ಗಂಡ ಬೈದರು. ಹುಡುಗ ನಕ್ಕು ಹೇಳಿದ, ‘ಅಕ್ಕಾ, ಹಾರಿದ್ದಕ್ಕೆ ಅದಕ್ಕೆ ಮೂರು ಬಗೆಯ ಬಹುಮಾನ ಸಿಕ್ತು. ಬೈಯೋದೂ ಅದರ ಲೆಕ್ಕದಲ್ಲಿ ಮಾತಾಡಿಸಿದ ಹಾಗೇ.’ ಹಾರಿದರೆ ಎಲ್ಲರೂ ಬೆನ್ನು ತಿರುಗಿಸಬೇಕು, ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಮುಟ್ಟಬೇಕು. ಇಷ್ಟೇ ಪಾಠ. ಮಗಳಿಗೆ ಇದು ತುಂಬಾ ಕಷ್ಟವಾಯಿತು, ಅತ್ತೆಗೆ ಒಂದೇ ದಿನಕ್ಕೆ ಬಂತು. ಯಾವ ಕೆಲಸಕ್ಕೆ ಯಾವ ಮಾತು ಅಂತ ಒಂದು ಹಾಳೆಯಲ್ಲಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿ ಹೋದ. ಕೆಲಸದವರಿಗೂ ಅದನ್ನೇ ಓದಿ ಹೇಳಿದ್ದೇವೆ. ಈ ಪ್ಯಾಕೇಜಿನಲ್ಲಿ ದುಡ್ಡು ಹೋಗುವುದು ಮನೆಯವರ ತರಬೇತಿಗೆ. ನಾಯಿ ಕಲಿಯುವುದು ಆಮೇಲಿನ ಮಾತು.

ಉಚ್ಚೆಯ ವಿಷಯಕ್ಕೆ ಬರುತ್ತೇನೆ. ಬಹಳ ಜನ ತರಬೇತಿಗೆ ಫೋನ್ ಮಾಡುವುದೇ ಇದಕ್ಕೆ. ಹುಡುಗ ಕೊಟ್ಟ ಅಂದಾಜು ಹೀಗೆ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿ, ಹೆಚ್ಚೆಂದರೆ ಅಷ್ಟು ಗಂಟೆ ತಡೆದುಕೊಳ್ಳುತ್ತದೆ. ಎರಡು ತಿಂಗಳ ಮರಿಗೆ ಮೂರು ಗಂಟೆ. ಅದೂ ಸುಮ್ಮನೆ ಬಿದ್ದುಕೊಂಡಿದ್ದರೆ ಮಾತ್ರ. ನಿದ್ದೆಯಿಂದ ಎದ್ದಾಗ, ತಿಂದ ಮೇಲೆ, ಆಡಿದ ಮೇಲೆ ಕಡ್ಡಾಯವಾಗಿ ಹೊರಗೆ. ಕೆಲಸ ಮುಗಿದ ಕ್ಷಣದಲ್ಲೇ, ಅಲ್ಲೇ, ತಿನ್ನಲು ಒಂದು ಚೂರು. ಒಳಗೆ ಬಂದು ಡಬ್ಬಿ ತೆಗೆದು ಕೊಟ್ಟರೆ ಅದಕ್ಕೆ ಸಿಕ್ಕಿದ್ದು ಒಳಗೆ ಬಂದದ್ದಕ್ಕೆ ಬಹುಮಾನ. ಒಂದೆರಡು ಸೆಕೆಂಡ್ ದಾಟಿದರೆ ಯಾವುದಕ್ಕೆ ಏನು ಸಿಕ್ಕಿತು ಅನ್ನುವುದು ಮರಿಗೆ ಗೊತ್ತಾಗುವುದಿಲ್ಲ. ಉಚ್ಚೆಯಲ್ಲಿ ಮೂತಿ ಉಜ್ಜುವ ನಮ್ಮ ಹಳೇ ಪದ್ಧತಿಯೂ ಇದಕ್ಕೇ ಕೆಲಸಕ್ಕೆ ಬಾರದ್ದು. ಮರಿ ಅದರಿಂದ ಕಲಿಯುವುದು ನಮ್ಮ ಕಣ್ಣು ತಪ್ಪಿಸಿ ಮಂಚದಡಿಗೆ ಹೋಗಿ ಮಾಡುವುದನ್ನು.

ಇಷ್ಟೆಲ್ಲ ಸರಿ. ಆದರೆ ಜೂನ್ ಬಂತು. ನಮ್ಮ ಕಡೆ ಮಳೆ ಹಿಡಿಯಿತು ಅಂದರೆ ಗೊತ್ತಲ್ಲ. ಜಿಮ್ಮಿ ಜಗಲಿ ಅಂಚಿಗೆ ಬರುತ್ತಿತ್ತು, ಒಂದು ಮುಂಗಾಲು ನೀರಿಗೆ ಇಡುತ್ತಿತ್ತು, ಕಾಲು ಕೊಡವಿ ನಮ್ಮ ಮುಖ ನೋಡುತ್ತಿತ್ತು, ತಿರುಗಿ ಒಳಗೆ ಹೋಗಿ ಅಕ್ಕಿ ಮೂಟೆ ಪಕ್ಕದಲ್ಲಿ ಕೂರುತ್ತಿತ್ತು. ಕಂಪನಿ ಕೊಟ್ಟ ಪುಸ್ತಕದಲ್ಲಿ ಇದಕ್ಕೆ ಇದ್ದ ಉಪಾಯ ಬಾಲ್ಕನಿ ಮತ್ತು ಪೇಪರ್ ಪ್ಯಾಡ್. ಪಾಪ, ಬೆಂಗಳೂರಿನ ಫ್ಲಾಟಿಗೆ ಬರೆದದ್ದು. ಹುಡುಗ ಅದನ್ನು ಪಕ್ಕಕ್ಕಿಟ್ಟ. ಚಿಕ್ಕಂದಿನಲ್ಲಿ ಕಾಲಡಿಗೆ ಏನು ಸಿಕ್ಕಿತೋ ಅದರ ಮೇಲೇ ಮಾಡುವ ಅಭ್ಯಾಸ ನಾಯಿಗೆ ಕೂತುಬಿಡುತ್ತದಂತೆ. ಪೇಪರ್, ಪ್ಯಾಡ್ ರೂಢಿಯಾದರೆ ನಾಳೆ ಚಾಪೆ, ಕಾಲೊರಸು ಬಿಡುವುದಿಲ್ಲ. ಕೊನೆಗೆ ದಾರಿ ತೋರಿಸಿದ್ದು ಅತ್ತೆ. ಸೌದೆ ಕೊಟ್ಟಿಗೆಯ ಮೂಲೆಯಲ್ಲಿ, ಮಾಡಿನ ಕೆಳಗೆ, ಎರಡು ಬುಟ್ಟಿ ಮಣ್ಣು ಸುರಿದು ಮೇಲೆ ದರಗು, ಅಂದರೆ ಒಣಗಿದ ಎಲೆ, ಹರಡಿಸಿದರು. ಹುಡುಗ ಮರಿಯ ಉಚ್ಚೆ ಒರೆಸಿದ ಬಟ್ಟೆಯನ್ನು ಅಲ್ಲಿ ಹಾಕಿದ. ಜಿಮ್ಮಿ ಮೂಸಿತು, ಎರಡು ಸುತ್ತು ಹಾಕಿತು, ಕೂತಿತು. ಮಳೆ ಬಿಟ್ಟ ಮೇಲೆ ಅದೇ ದರಗನ್ನು ದಿನಾ ಸ್ವಲ್ಪ ಸ್ವಲ್ಪ ಹೊರಗೆ ಸರಿಸುತ್ತಾ ತೋಟದ ಅಂಚಿಗೆ ತಂದೆವು. ಎರಡನೇ ಮಳೆಗಾಲಕ್ಕೆ ಹೇಳಿಕೊಡಬೇಕಾಗಲಿಲ್ಲ, ಅದೇ ಕೊಟ್ಟಿಗೆಗೆ ಓಡಿತು.

ನೆಲ ಒರೆಸಲು ಫಿನಾಯಿಲ್ ಸಾಲದು. ವಾಸನೆ ಹೋಯಿತು ಅನ್ನಿಸುವುದು ನಮ್ಮ ಮೂಗಿಗೆ, ನಾಯಿ ಮೂಗಿಗಲ್ಲ. ಎನ್‌ಜೈಮ್ ಇರುವ ಕ್ಲೀನರ್ ಆನ್‌ಲೈನಲ್ಲಿ ಸಿಗುತ್ತದೆ, ಬೆಲೆ ಜಾಸ್ತಿ, ಆದರೆ ತರಿಸಿ.

ಇಡೀ ಕೋರ್ಸಿನಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಗೋಣಿಚೀಲದ ಪಾಠ. ಒಂದು ಗೋಣಿಚೀಲ ಮಡಚಿ ಹಾಸುವುದು. ಏನೂ ಹೇಳುವುದಿಲ್ಲ. ಮರಿ ತಾನಾಗಿ ಅದರ ಮೇಲೆ ಕಾಲಿಟ್ಟರೆ ಒಂದು ಚೂರು ಕೊಡುವುದು. ಕಡಲೆಕಾಳಿನಷ್ಟು ಬೇಯಿಸಿದ ಕೋಳಿಯೋ ಕೊಬ್ಬರಿಯೋ ಸಾಕು. ಆಮೇಲೆ ಕೂತರೆ, ಆಮೇಲೆ ಮಲಗಿದರೆ. ತಾನಾಗಿ ಓಡಿ ಬಂದು ಮಲಗಲು ಶುರು ಮಾಡಿದ ಮೇಲೆ ‘ಜಾಗ’ ಅನ್ನುವ ಮಾತು ಸೇರಿಸಿದೆವು. ಮೊದಲು ಒಂದು ಹೆಜ್ಜೆ ದೂರ ಹೋಗಿ ಬರುವುದು, ಆಮೇಲೆ ಅಡುಗೆಮನೆಗೆ, ಆಮೇಲೆ ಅಂಗಳಕ್ಕೆ. ಅವಸರ ಮಾಡಿದರೆ ಕೆಡುತ್ತದೆ.

ಇದರ ಬೆಲೆ ಗೊತ್ತಾದದ್ದು ಕೊಯ್ಲಿನಲ್ಲಿ. ಅಡಿಕೆ ಸುಲಿಯುವವರು ರಾತ್ರಿ ಸಾಲಾಗಿ ಕೂತಿರುತ್ತಾರೆ, ಎಲ್ಲರ ಮುಂದೆ ಮೆಟ್ಟುಗತ್ತಿ. ಅದರ ನಡುವೆ ಕುಣಿಯುವ ಮರಿಯೊಂದು ಬಂದರೆ ಏನಾಗಬಹುದು ಯೋಚನೆ ಮಾಡಿ. ಜಿಮ್ಮಿ ಚೀಲದ ಮೇಲೆ ಮಲಗಿ ಎಲ್ಲರ ಹರಟೆ ಕೇಳುತ್ತಿತ್ತು. ನಡುನಡುವೆ ಎದ್ದು ಬರುತ್ತಿತ್ತು, ಸುಳ್ಳು ಹೇಳುವುದಿಲ್ಲ. ಹೇಳಿದರೆ ವಾಪಸ್ ಹೋಗುತ್ತಿತ್ತು. ಇನ್ನೊಂದು ಲಾಭ ಅಂದರೆ ಚೀಲ ಎಲ್ಲಿಗೆ ಬೇಕಾದರೂ ಬರುತ್ತದೆ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋದಾಗಲೂ ಅದನ್ನೇ ಹಾಸಿದೆವು. ನಡುಗುತ್ತಿದ್ದ ನಾಯಿ ಅದರ ಮೇಲೆ ಮಲಗಿತು.

ಅಡಿಕೆ ಅಂದಮೇಲೆ ‘ಬಿಡು’ ಪಾಠವನ್ನೂ ಹೇಳಬೇಕು. ಮುಷ್ಟಿಯಲ್ಲಿ ತಿಂಡಿ ಹಿಡಿದು ಮೂತಿ ಮುಂದೆ ಇಡುವುದು. ಮರಿ ನೆಕ್ಕುತ್ತದೆ, ಕೆರೆಯುತ್ತದೆ, ಕಚ್ಚುತ್ತದೆ. ಸುಮ್ಮನಿರುವುದು. ಬೇಸತ್ತು ಮೂತಿ ಹಿಂದಕ್ಕೆ ತೆಗೆದ ಕ್ಷಣ ಇನ್ನೊಂದು ಕೈಯಿಂದ ಬೇರೆ ತಿಂಡಿ ಕೊಡುವುದು. ಮುಷ್ಟಿಯಲ್ಲಿದ್ದದ್ದು ಯಾವತ್ತೂ ಅದಕ್ಕೆ ಸಿಗಬಾರದು. ಆಮೇಲೆ ಬಿಚ್ಚಿದ ಕೈ, ಆಮೇಲೆ ನೆಲ, ಕೊನೆಗೆ ಅಂಗಳದಲ್ಲಿ ಹರಡಿದ ಅಡಿಕೆ. ಬಯಲುಸೀಮೆಯವರಿಗೆ ಇದು ಆಟ ಅನ್ನಿಸಬಹುದು. ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನುವ ಅಂಶವನ್ನು ಹಿಂದೆ ನಾಯಿಗಳ ಲಾಡಿಹುಳ ತೆಗೆಯಲು ಔಷಧಿಯಾಗಿ ಕೊಡುತ್ತಿದ್ದರು. ಅಂದರೆ ಸಣ್ಣ ಮರಿ ಬೇಕಾಬಿಟ್ಟಿ ತಿಂದರೆ ಜೊಲ್ಲು, ವಾಂತಿ, ಭೇದಿ ಗ್ಯಾರಂಟಿ, ಜೀವಕ್ಕೂ ಸಂಚಕಾರ. ಹಲ್ಲು ಬದಲಾಗುವ ನಾಲ್ಕರಿಂದ ಆರು ತಿಂಗಳ ವಯಸ್ಸಿನಲ್ಲಿ ಸಿಕ್ಕಿದ್ದನ್ನೆಲ್ಲ ಕಡಿಯುವ ಹುಚ್ಚು ಬೇರೆ. ಆಗ ಕಡಿಯಲು ಕೊಟ್ಟದ್ದು ತೋಟದಲ್ಲಿ ಬಿದ್ದ ಅಡಿಕೆ ಹಾಳೆ. ಪುಕ್ಕಟೆ ಆಟಿಕೆ. ಚೂರು ನುಂಗದ ಹಾಗೆ ನೋಡಿಕೊಂಡರೆ ಆಯಿತು.

ಮೈ ಮುಟ್ಟಿಸಿಕೊಳ್ಳುವ ಅಭ್ಯಾಸವನ್ನು ಹುಡುಗ ಮೊದಲ ವಾರದಿಂದಲೇ ಮಾಡಿಸಿದ. ಕಿವಿಯೊಳಗೆ, ಬಾಲದ ಬುಡ, ಬೆರಳ ಸಂದಿ, ಒಂದೊಂದು ಮುಟ್ಟಿದಾಗಲೂ ಒಂದೊಂದು ಚೂರು. ಆಗ ಇದೆಲ್ಲ ಯಾಕೆ ಅನ್ನಿಸಿತ್ತು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ ನಮ್ಮ ಜಿಲ್ಲೆಯಲ್ಲಿ, 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದು ಹರಡುವುದು ಉಣುಗಿನಿಂದ. ಕಾಡಂಚಿಗೆ ಹೋಗಿ ಬರುವ ನಾಯಿ ಮೈತುಂಬಾ ಉಣುಗು ಹತ್ತಿಸಿಕೊಂಡು ಬರುತ್ತದೆ, ಮಲಗುವುದು ಮನೆಯೊಳಗೆ. ಈಗ ದಿನಾ ಸಂಜೆ ಜಗಲಿಯಲ್ಲಿ ಜಿಮ್ಮಿಯ ತಪಾಸಣೆ ಆಗುತ್ತದೆ. ಅದು ತಾನೇ ಮಗುಚಿ ಹೊಟ್ಟೆ ತೋರಿಸುತ್ತದೆ. ಪಕ್ಕದ ಮನೆಯ ನಾಯಿಗೆ ಇದೇ ಕೆಲಸ ಮಾಡಲು ಇಬ್ಬರು ಹಿಡಿಯಬೇಕು.

ಈಗ ಕಂಪನಿಯ ಕಥೆ. ಮಳೆ ಜೋರಾದಾಗ ತರಗತಿ ನಿಲ್ಲಿಸಿದರು. ರಸ್ತೆಗೆ ಮರ ಬಿದ್ದರೆ ಯಾರೇನು ಮಾಡಲು ಆಗುತ್ತದೆ, ಅದನ್ನು ದೂರುವುದಿಲ್ಲ. ಆದರೆ ಬದಲಿಗೆ ಕೊಟ್ಟದ್ದು ವಿಡಿಯೊ ಕಾಲ್. ನಮ್ಮಲ್ಲಿ ನೆಟ್‌ವರ್ಕ್ ಬೇಕಾದರೆ ಗುಡ್ಡ ಹತ್ತಬೇಕು. ಸುರಿಯುವ ಮಳೆಯಲ್ಲಿ, ಇಂಬಳ (ಜಿಗಣೆ) ಕಚ್ಚಿಸಿಕೊಂಡು, ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಫೋನ್, ಹಗ್ಗ ಹಿಡಿಯಲು ಮೂರನೇ ಕೈ ಎಲ್ಲಿಂದ ತರಲಿ? ಅದನ್ನೂ ತರಗತಿ ಅಂತಲೇ ಲೆಕ್ಕ ಹಾಕಿದರು. ಜಗಳ ಮಾಡಿದ ಮೇಲೆ ಕೆಲವನ್ನು ಮಾತ್ರ ಮಳೆ ಬಿಟ್ಟ ಮೇಲೆ ಮಾಡಿಕೊಟ್ಟರು.

ಎಂಟು ತಿಂಗಳಾಗುವಷ್ಟರಲ್ಲಿ ಜಿಮ್ಮಿ ಕಲಿತದ್ದೆಲ್ಲ ಮರೆತ ಹಾಗೆ ಆಡತೊಡಗಿತು. ಕರೆದರೆ ನಿಂತು ನೋಡುತ್ತಿತ್ತು, ಆಮೇಲೆ ಆರಾಮಾಗಿ ಇನ್ನೊಂದು ಕಡೆಗೆ ಹೋಗುತ್ತಿತ್ತು. ಸರಿಯಾಗಿ ಆಗಲೇ ಕಂಪನಿಯಿಂದ ಫೋನ್ ಬರುವುದೂ ಶುರುವಾಯಿತು. ನಾಯಿಯನ್ನು ಅವರಲ್ಲೇ ಬಿಟ್ಟು ಕಲಿಸುವ ಅಡ್ವಾನ್ಸ್ ಪ್ಯಾಕೇಜ್ ತಗೊಳ್ಳಿ, ಜೊತೆಗೆ ಶಾಕ್ ಕೊಡುವ ಕಾಲರ್ ತಗೊಂಡರೆ ರಿಯಾಯಿತಿ. ಹುಡುಗನಿಗೆ ಫೋನ್ ಮಾಡಿದರೆ ಅವನು ನೇರವಾಗಿ ಬೇಡ ಅಂದ. ‘ಅದಕ್ಕೆ ಹರೆಯ ಅಕ್ಕಾ. ಆರು ತಿಂಗಳಿಂದ ಒಂದೂವರೆ ವರ್ಷದ ತನಕ ಹೀಗೇ. ಉದ್ದ ಹಗ್ಗ ಹಾಕಿ, ಮೊದಲಿಂದ ಹೇಳಿಕೊಡಿ.’ ನಮ್ಮಲ್ಲಿ ಬಿಟ್ಟು ಬೇರೆಡೆ ಕಲಿತರೆ ಅದು ಅಲ್ಲಿಯ ಅಂಗಳಕ್ಕೆ, ಅಲ್ಲಿಯ ಜನಕ್ಕೆ ಕಲಿಯುತ್ತದೆ. ನಮ್ಮ ಜಗಲಿಗೆ ಬಂದ ಮೇಲೆ ಮತ್ತೆ ಮೊದಲಿಂದ. ಶಾಕ್ ಕಾಲರನ್ನು ವೇಲ್ಸ್‌ನಲ್ಲಿ 2010ರಲ್ಲೇ ನಿಷೇಧಿಸಿದ್ದಾರೆ. ಇಲ್ಲಿ ಅದಕ್ಕೆ ರಿಯಾಯಿತಿ!

ಹಗ್ಗದ ಜೊತೆ ಒಂದು ಸೀಟಿಯನ್ನೂ ಇಟ್ಟುಕೊಂಡೆವು. ಮಳೆ ಶಬ್ದದಲ್ಲಿ ಕೂಗಿದ್ದು ತೋಟದ ಆಚೆಗೆ ಕೇಳುವುದಿಲ್ಲ, ಸೀಟಿ ಕೇಳುತ್ತದೆ. ಸೀಟಿಗೆ ಬಂದರೆ ಮಾತ್ರ ಕೋಳಿ, ಬೇರೆ ಯಾವುದಕ್ಕೂ ಇಲ್ಲ. ನಾಲ್ಕೈದು ತಿಂಗಳು ಪಟ್ಟು ಹಿಡಿದ ಮೇಲೆ ಕರೆದರೆ ಬರುವುದು ಮತ್ತೆ ಕುದುರಿತು.

ಹುಡುಗನ ಪಾಠಕ್ಕೂ ನಮ್ಮ ಮನೆಗೂ ತಾಳ ಕೂಡದ ವಿಷಯ ಒಂದೇ, ಮಂಗ. ಅವನ ಪ್ರಕಾರ ನಾಯಿ ಯಾವ ಪ್ರಾಣಿಯನ್ನೂ ಅಟ್ಟಬಾರದು. ಮಾವ ದುಡ್ಡು ಕೊಟ್ಟು ಕಲಿಸಿದ್ದೇ ದಂಡ ಅಂತ ಎದ್ದು ನಿಂತರು. ‘ಮಂಗ ಓಡಿಸದ ನಾಯಿ ತಗೊಂಡು ನಾನೇನು ಪೂಜೆ ಮಾಡ್ಲಾ ಮಾರಾಯ?’ ಕೊನೆಗೆ ಮಧ್ಯದ ದಾರಿ ಆಯಿತು. ಕೋಳಿ, ಕರು ಕಂಡರೆ ಕೂರಬೇಕು. ಮಂಗ ಕಂಡರೆ ಮಾವ ಹೇಳಿದ ಮೇಲೆ ಓಡಬೇಕು, ಸೀಟಿ ಹೊಡೆದರೆ ವಾಪಸ್ ಬರಬೇಕು. ಆಶ್ಚರ್ಯ ಅಂದರೆ ಜಿಮ್ಮಿ ಇದನ್ನು ಎಲ್ಲಕ್ಕಿಂತ ಬೇಗ ಕಲಿಯಿತು. ಮಂಗ ಓಡಿಸಲು ಹೊಡೆಯುವ ಗರ್ನಾಲು ಪಟಾಕಿಯ ಶಬ್ದಕ್ಕೂ ಹೆದರುವುದಿಲ್ಲ. ಮರಿಯಿದ್ದಾಗ ಊಟದ ಹೊತ್ತಿಗೆ ಫೋನಿನಲ್ಲಿ ಪಟಾಕಿ ಶಬ್ದ ಸಣ್ಣಗೆ ಹಾಕಿ, ದಿನ ಕಳೆದಂತೆ ಜೋರು ಮಾಡುತ್ತಾ ಹೋಗಿದ್ದೆವು.

ಖರ್ಚು ಎಷ್ಟು ಅಂತ ಕೇಳುವವರಿಗೆ, ಒಂದು ಸಾಧಾರಣ ಮೊಬೈಲಿನ ಬೆಲೆ, ಮೇಲೆ ಓಡಾಟದ ಪೆಟ್ರೋಲ್. ಶಿವಮೊಗ್ಗ ಪೇಟೆಯೊಳಗಿನವರಿಗೆ ಆ ಪೆಟ್ರೋಲ್ ಉಳಿಯುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಐದೈದು ನಿಮಿಷ ಮರಿ ಜೊತೆ ಕೂರಲು ಮನೆಯಲ್ಲಿ ಯಾರೂ ಇಲ್ಲದಿದ್ದರೆ ತಗೊಳ್ಳಬೇಡಿ. ತಗೊಳ್ಳುವವರು ಮರಿ ತಂದ ವಾರದಲ್ಲೇ ಶುರು ಮಾಡಿ, ಹೊಸದಕ್ಕೆ ಹೆದರದೆ ಹೊಂದಿಕೊಳ್ಳುವುದು ಹೆಚ್ಚುಕಡಿಮೆ ಮೂರೂವರೆ ತಿಂಗಳ ಒಳಗೇ. ಲಸಿಕೆ ಪೂರ್ತಿ ಆಗುವ ತನಕ ನೆಲಕ್ಕೆ ಬಿಡದೆ ಎತ್ತಿಕೊಂಡೇ ಬಸ್ಸು, ಜನ, ಜೆಸಿಬಿ ಎಲ್ಲ ತೋರಿಸಬಹುದು. ಮಲೆನಾಡಿನವರು ಆದರೆ ಜನವರಿ, ಫೆಬ್ರವರಿಯಲ್ಲೇ ಮರಿ ತನ್ನಿ. ಮಳೆ ಹಿಡಿಯುವ ಮೊದಲು ಅರ್ಧ ಪಾಠ ಮುಗಿದಿರುತ್ತದೆ. ದುಡ್ಡು ಕಟ್ಟುವಾಗ ವಿಡಿಯೊ ತರಗತಿ ಬೇಡ ಅಂತ ಬರೆಸಿಕೊಳ್ಳಿ.

ಬೈಕ್ ಅಟ್ಟುವ ಚಟ ಮಾತ್ರ ಇನ್ನೂ ಹೋಗಿಲ್ಲ. ಕಾರು, ಬಸ್ಸು, ಟಿಲ್ಲರ್ ಯಾವುದೂ ಬೇಡ, ಬೈಕೇ ಆಗಬೇಕು, ಅದರಲ್ಲೂ ಹಾಲಿನ ಡೈರಿಯವರದ್ದು. ಅವರು ಬರುವ ಹೊತ್ತಿಗೆ ದಣಪೆ, ಅಂದರೆ ಅಡ್ಡ ಗಳುವಿನ ಗೇಟು, ಹಾಕಿಡುತ್ತೇವೆ. ಯಾರಿಗಾದರೂ ಇದು ಬಿಡಿಸಿ ಗೊತ್ತಿದ್ದರೆ ಕೆಳಗೆ ಬರೆಯಿರಿ.