ವೆಂಗೆನ್: ಸ್ಕೀ ಬಾರದವರನ್ನೂ ಬೆಟ್ಟದ ಮೇಲಕ್ಕೆ ಕರೆದೊಯ್ಯುವ ಊರು

ಆಲ್ಪ್ಸ್‌ನಲ್ಲಿ ಚಳಿಗಾಲದ ರಜೆಗೆ ಊರು ಹುಡುಕಲು ಕುಳಿತಾಗ ಮೊದಲು ಕಣ್ಣಿಗೆ ಬೀಳುವುದು ಇಳಿಜಾರುಗಳ ಒಟ್ಟು ಉದ್ದ. ಫ್ರಾನ್ಸಿನ ವಾಲ್ ಥೊರಾನ್ಸ್ ಸೇರಿರುವ ‘ಮೂರು ಕಣಿವೆ’ಗಳ ವಲಯದಲ್ಲಿ ಅದು ಸುಮಾರು 600 ಕಿ.ಮೀ.; ವೆಂಗೆನ್ ಇರುವ, ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌ ವಲಯದಲ್ಲಿ 200 ಕಿ.ಮೀ.ಗೆ ಸ್ವಲ್ಪ ಹೆಚ್ಚು. ಕಳೆದ ಫೆಬ್ರವರಿಯಲ್ಲಿ ಜ್ಯೂರಿಕ್‌ನ ನಮ್ಮ ಮನೆಯಿಂದ ಹೊರಟವರು ನಾಲ್ವರು: ಕೆಂಪು ಗುರುತಿನ, ಅಂದರೆ ಮಧ್ಯಮ ಕಷ್ಟದ, ಇಳಿಜಾರಿನಲ್ಲಿ ತಕ್ಕಮಟ್ಟಿಗೆ ಇಳಿಯಬಲ್ಲ ನಾನು, ಅದುವರೆಗೆ ಎರಡೇ ಸಲ ಸ್ಕೀ ಕಟ್ಟಿಕೊಂಡಿದ್ದ ಹೆಂಡತಿ, ಹೊಸದಾಗಿ ಕಲಿಯಲಿದ್ದ ಒಂಬತ್ತು ವರ್ಷದ ಮಗಳು, ಮತ್ತು ಶಿವಮೊಗ್ಗದಿಂದ ಬಂದಿದ್ದ, ಎಪ್ಪತ್ತು ದಾಟಿದ ಅಮ್ಮ. ಈ ನಾಲ್ವರಿಗೆ 600 ಕಿ.ಮೀ. ಕಟ್ಟಿಕೊಂಡು ಆಗಬೇಕಾದದ್ದೇನೂ ಇರಲಿಲ್ಲ. ಬೆಳಿಗ್ಗೆ ಬೇರೆ ಬೇರೆ ದಿಕ್ಕಿಗೆ ಹೋದವರು ಮಧ್ಯಾಹ್ನ ಬೆಟ್ಟದ ಮೇಲೆ ಒಂದೇ ಮೇಜಿಗೆ ಕೂತು ಉಣ್ಣಲು ಸಾಧ್ಯವಾಗುವ ಊರು ಬೇಕಿತ್ತು. ಆ ಒಂದೇ ಲೆಕ್ಕದ ಮೇಲೆ ವೆಂಗೆನ್ ಆರಿಸಿದೆವು, ಮತ್ತು ಆ ಲೆಕ್ಕ ತಪ್ಪಲಿಲ್ಲ.

ವೆಂಗೆನ್‌ಗೆ ಕಾರಿನಲ್ಲಿ ಹೋಗಲಾಗದು. ಇಂಟರ್‌ಲಾಕೆನ್‌ನಿಂದ ಲಾಟರ್‌ಬ್ರುನೆನ್‌ವರೆಗೆ ಒಂದು ರೈಲು, ಅಲ್ಲಿಂದ ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚಿಕೊಂಡು ಕಡಿದಾದ ಬೆಟ್ಟ ಏರುವ ವೆಂಗೆರ್ನಾಲ್ಪ್ ರೈಲು. 1893ರಿಂದ ಓಡುತ್ತಿರುವ ಈ ರೈಲೇ ಊರಿನ ಜೀವನಾಡಿ. ಇದು ನಮ್ಮನ್ನು 1,274 ಮೀಟರ್ ಎತ್ತರದ ಊರಿಗೆ ತಂದು ಬಿಟ್ಟು ಸುಮ್ಮನಾಗುವುದಿಲ್ಲ. ಅದೇ ಹಳಿಯ ಮೇಲೆ ಮುಂದುವರಿದು 2,061 ಮೀಟರ್ ಎತ್ತರದ ಕ್ಲೈನೆ ಶೈಡೆಗ್‌ಗೆ, ಅಂದರೆ ಸ್ಕೀ ಇಳಿಜಾರುಗಳ ನಡುಮಧ್ಯಕ್ಕೆ, ಹೋಗುತ್ತದೆ. ನಮ್ಮ ಮುಳ್ಳಯ್ಯನಗಿರಿಗಿಂತ ತುಸು ಹೆಚ್ಚಿನ ಆ ಎತ್ತರಕ್ಕೆ ಅಮ್ಮ ಸೀರೆಯ ಮೇಲೆ ದಪ್ಪ ಕೋಟು ತೊಟ್ಟು, ಕಿಟಕಿಯ ಪಕ್ಕ ಕೂತು ಹೋದರು. ರೈಲಿಳಿದು ಐಗರ್ ಶಿಖರದ ಉತ್ತರ ಮುಖವನ್ನು ಬಹಳ ಹೊತ್ತು ನೋಡಿ, “ಇದು ಬೆಟ್ಟ ಅಲ್ಲ ಕಣೋ, ಗೋಡೆ” ಎಂದರು. ಜರ್ಮನ್ ಭಾಷೆಯಲ್ಲಿ ಅದನ್ನು ಕರೆಯುವುದೂ ‘ಉತ್ತರದ ಗೋಡೆ’ ಎಂದೇ ಎಂದು ಹೇಳಿದಾಗ ಅವರಿಗೆ ಬಹಳ ಸಂತೋಷವಾಯಿತು.

ಕಲಿಯುವವರಿಗೂ ಊರು ಅಷ್ಟೇ ಅನುಕೂಲ. ಅಭ್ಯಾಸದ ಮೈದಾನ ಊರಿನ ಮಧ್ಯದಲ್ಲೇ ಇದೆ. ಮಗುವನ್ನು ಬೋಧಕರಿಗೆ ಒಪ್ಪಿಸಿ ಬೇಲಿಯ ಪಕ್ಕ ನಿಂತು ನೋಡಬಹುದು. ಮೊದಲ ದಿನ ಅಲ್ಲಿ ಕಲಿಸಿದ್ದು ಒಂದೇ ವಿದ್ಯೆ: ಎರಡೂ ಸ್ಕೀಗಳ ಮೂತಿ ಹತ್ತಿರ ತಂದು, ಹಿಂಭಾಗವನ್ನು ಅಗಲಿಸಿ, ಒಳ ಅಂಚಿನಿಂದ ಹಿಮವನ್ನು ಉಜ್ಜುತ್ತ ವೇಗ ತಗ್ಗಿಸುವುದು. ಮಕ್ಕಳಿಗೆ ಅದನ್ನು ‘ಪಿಜ್ಜಾ’ ಎನ್ನುತ್ತಾರೆ, ತುಂಡಿನ ಆಕಾರ ಹಾಗೆ. ಬೆಳಿಗ್ಗೆ ಹತ್ತಾರು ಸಲ ಬಿದ್ದಿದ್ದ ಮಗಳು ಮಧ್ಯಾಹ್ನ ಬೋಧಕರ ಕೈ ಬಿಟ್ಟು, ನಾಲಿಗೆ ಕಚ್ಚಿಕೊಂಡು, ಮೈದಾನದ ತುದಿಯವರೆಗೆ ಬಂದು ತಾನಾಗಿ ನಿಂತಳು. ನಾಲ್ಕನೆಯ ದಿನ ಊರಿನಿಂದಲೇ ಹೊರಡುವ ಕೇಬಲ್ ಕಾರಿನಲ್ಲಿ ಮ್ಯಾನ್‌ಲಿಖೆನ್‌ಗೆ ಏರಿ, ಅಲ್ಲಿನ ನೀಲಿ ಗುರುತಿನ, ಸುಲಭವಾದ, ಅಗಲವಾದ ಇಳಿಜಾರಿನಲ್ಲಿ ತಾಯಿಯ ಹಿಂದೆ ಇಳಿದಳು. ಕಾಲು ಸೋತ ಸಂಜೆ ಸ್ಕೀ ಮೇಲೆಯೇ ಊರಿಗೆ ಇಳಿಯಲೇಬೇಕೆಂಬ ಕಟ್ಟುಪಾಡು ಇಲ್ಲಿಲ್ಲ. ರೈಲಿನಲ್ಲೋ ಕೇಬಲ್ ಕಾರಿನಲ್ಲೋ ಬರಬಹುದು. ಹೊಸಬರ ಮಟ್ಟಿಗೆ ಇದು ದೊಡ್ಡ ಸಮಾಧಾನ. ಸ್ವಿಟ್ಜರ್ಲೆಂಡಿನ ಇನ್ನೊಂದು ಸ್ಕೀ ಊರಾದ ಜರ್ಮ್ಯಾಟ್ ಕೂಡ ರೈಲಿನ ಊರೇ, ಅಲ್ಲಿನ ಗೊರ್ನರ್‌ಗ್ರಾಟ್ ರೈಲು 3,089 ಮೀಟರ್‌ವರೆಗೆ ಏರುತ್ತದೆ. ಆದರೆ ಅಲ್ಲಿ ಚಿಕ್ಕ ಮಕ್ಕಳ ಕಲಿಕೆಯ ಜಾಗ ಊರಿನ ಮೇಲೆ ಸುನ್ನೆಗಾದಲ್ಲಿರುವುದರಿಂದ ಪ್ರತಿದಿನ ಸಾಮಾನಿನೊಂದಿಗೆ ಏರಬೇಕಾಗುತ್ತದೆ.

ವೆಂಗೆನ್‌ನ ನಿಜವಾದ ದೌರ್ಬಲ್ಯ ಅದರ ಎತ್ತರ. ಪ್ರತಿ ನೂರು ಮೀಟರ್ ಏರಿದಂತೆ ಉಷ್ಣಾಂಶ ಸರಾಸರಿ 0.65 ಡಿಗ್ರಿ ಸೆಲ್ಸಿಯಸ್ ತಗ್ಗುವುದರಿಂದ, 2,300 ಮೀಟರ್ ಎತ್ತರದ ವಾಲ್ ಥೊರಾನ್ಸ್‌ನಲ್ಲಿ ಹಿಮ ಬೀಳುವ ದಿನ ಇಲ್ಲಿ ಮಳೆ ಸುರಿಯಬಹುದು. ಬಿಸಿಲಿಗೆ ಮುಖಮಾಡಿದ ಊರಾದ್ದರಿಂದ ನಮಗೂ ಕೆಳಗಿನ ಇಳಿಜಾರಿನ ಹಿಮ ಬೆಳಿಗ್ಗೆ ಕಲ್ಲಿನಂತೆ ಗಟ್ಟಿಯಾಗಿ, ಮಧ್ಯಾಹ್ನದ ಹೊತ್ತಿಗೆ ನೀರುನೀರಾಗಿ ಸಿಕ್ಕಿತು. ಡಿಸೆಂಬರಿನ ಆರಂಭದಲ್ಲೋ ಮಾರ್ಚ್ ಕೊನೆಯಲ್ಲೋ ಹೋಗುವವರಿಗೆ ಎತ್ತರದ ಊರೇ ಸರಿ. ಆದರೆ ಅಂಥ ಊರುಗಳಲ್ಲಿ ಮರಗಳಿರುವುದಿಲ್ಲ; ಮೋಡ ಇಳಿದ ದಿನ ನೆಲ ಯಾವುದು, ಆಕಾಶ ಯಾವುದು ಎಂದು ತಿಳಿಯದೆ ಹೊಸಬರು ಕಂಗೆಡುತ್ತಾರೆ. ವೆಂಗೆನ್‌ನಲ್ಲಿ ಆಗ ಕಾಡಂಚಿನ ಮರಗಳೇ ದಾರಿ ತೋರಿಸುತ್ತವೆ.

ಜನವರಿ ಮಧ್ಯದಲ್ಲಿ ಇಲ್ಲಿ ನಡೆಯುವ ಲೌಬರ್‌ಹಾರ್ನ್ ಸ್ಕೀ ಸ್ಪರ್ಧೆಯ ವಾರವನ್ನೂ ಬಿಡುವುದು ಲೇಸು. 1930ರಿಂದ ನಡೆದುಬಂದಿರುವ ಈ ಸ್ಪರ್ಧೆಯ ಡೌನ್‌ಹಿಲ್ (ಅತಿವೇಗದ ಇಳಿತ) ಹಾದಿ ಸುಮಾರು 4.5 ಕಿ.ಮೀ., ಸ್ಕೀ ವಿಶ್ವಕಪ್‌ನಲ್ಲೇ ಅತಿ ಉದ್ದದ್ದು. ಸ್ಪರ್ಧಿಗಳು ನಾವು ಕೂತು ಹೋಗುವ ರೈಲುಹಳಿಯ ಅಡಿಯಿಂದಲೇ ನುಗ್ಗಿ ಹೋಗುತ್ತಾರೆ. ನೋಡುವ ಆಸೆಯಿದ್ದವರು ಅದಕ್ಕಾಗಿಯೇ ಹೋಗಲಿ, ಕಲಿಯಲು ಆ ವಾರ ಬೇಡ.

ಎರಡು ತಪ್ಪುಗಳು ನಮ್ಮಿಂದ ಆದವು. ನಾವು ಹಿಡಿದ ಬಾಡಿಗೆ ಮನೆ ನಿಲ್ದಾಣದಿಂದ ಏಳೇ ನಿಮಿಷ ಎಂದು ಜಾಹೀರಾತಿನಲ್ಲಿತ್ತು. ಆ ಏಳು ನಿಮಿಷವೂ ಮಂಜುಗಟ್ಟಿದ ಏರುದಾರಿ ಎಂಬುದು ಹೋದ ಮೇಲೆ ತಿಳಿಯಿತು. ಮೊದಲ ಸಂಜೆಯೇ ಅಮ್ಮ ಜಾರಿ ಮಂಡಿಯೂರಿದರು. ಮರುದಿನ ಬೂಟಿನ ಅಡಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಕೊಂಡುತಂದ ಮೇಲೆ ತೊಂದರೆಯಾಗಲಿಲ್ಲ. ಮನೆ ಕಾದಿರಿಸುವಾಗ ದೂರವನ್ನಲ್ಲ, ನಿಲ್ದಾಣಕ್ಕಿಂತ ಎಷ್ಟು ಮೇಲಿದೆ ಎಂಬುದನ್ನು ಕೇಳಬೇಕು. ಇನ್ನೊಂದು ತಪ್ಪು, ಅಂಗಡಿಯ ಗಡಿಬಿಡಿಯಲ್ಲಿ ಕೊಟ್ಟ ಬೂಟನ್ನು ಹಾಗೆಯೇ ಒಪ್ಪಿಕೊಂಡದ್ದು. ಹೆಂಡತಿಯ ಬೂಟು ಒಂದು ಅಳತೆ ದೊಡ್ಡದಿತ್ತು, ಮೊಣಕಾಲಿನ ಕೆಳಗೆ ಮೂಳೆ ಉಜ್ಜಿ ಕೆಂಪಾಯಿತು. ಬೂಟಿನಲ್ಲಿ ಮಂಡಿ ಮುಂದಕ್ಕೆ ಬಗ್ಗಿಸಿದಾಗ ಹಿಮ್ಮಡಿ ಮೇಲೇಳಬಾರದು. ಎದ್ದರೆ ಅಲ್ಲೇ ಬದಲಿಸಿಕೊಳ್ಳಿ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಒಂದು ಎಚ್ಚರ ವಹಿಸಬೇಕು. ಗ್ರುಯೇರ್‌ನಂಥ ಸಾಂಪ್ರದಾಯಿಕ ಚೀಸ್‌ಗೆ ಹಾಲು ಒಡೆಯಲು ಕರುವಿನ ಹೊಟ್ಟೆಯ ಕಿಣ್ವ ಬಳಸುತ್ತಾರೆ. ಹಾಗಾಗಿ ಕರಗಿಸಿದ ಚೀಸ್‌ನಲ್ಲಿ ಬ್ರೆಡ್ ಅದ್ದಿ ತಿನ್ನುವ ಫಾಂಡ್ಯೂವನ್ನು ಅಮ್ಮ ಮುಟ್ಟಲಿಲ್ಲ. ತುರಿದ ಆಲೂಗಡ್ಡೆಯನ್ನು ಗರಿಗರಿಯಾಗಿ ಹುರಿದ ರೋಸ್ಟಿಯನ್ನು, ಬೇಕನ್ ಬೇಡವೆಂದು ಮೊದಲೇ ಹೇಳಿ ತರಿಸಿ, ಡಬ್ಬಿಯಲ್ಲಿ ತಂದಿದ್ದ ಮಿಡಿ ಉಪ್ಪಿನಕಾಯಿಯೊಂದಿಗೆ ದಿನವೂ ಸಂತೋಷದಿಂದ ತಿಂದರು. ರಾತ್ರಿ ಮನೆಯಲ್ಲೇ ಅನ್ನ, ಸಾರು. ನಿಲ್ದಾಣದ ಹತ್ತಿರದ ಕೋಪ್ ಅಂಗಡಿಯಲ್ಲಿ ಅಕ್ಕಿ, ತರಕಾರಿ, ಮೊಸರು ಎಲ್ಲ ಸಿಗುತ್ತದೆ.

ಖರ್ಚು ಆಸ್ಟ್ರಿಯಾದ ಊರುಗಳಿಗಿಂತ ಹೆಚ್ಚು. ಸ್ಕೀ ಮಾಡದವರಿಗೆ ಸ್ವಿಸ್ ರೈಲಿನ ಅರ್ಧ ದರದ ಕಾರ್ಡ್ ಮಾಡಿಸಿದರೆ ಸ್ವಲ್ಪ ಹಗುರ. ದಿನವಿಡೀ ಕಪ್ಪು ಗುರುತಿನ, ಅತಿ ಕಷ್ಟದ ಇಳಿಜಾರನ್ನೇ ಅರಸುವ ಯುವಕರ ಗುಂಪಿಗೆ ಈ ಊರನ್ನು ನಾನು ಹೇಳಲಾರೆ. ಮಕ್ಕಳು, ಹಿರಿಯರು ಇರುವ ಮನೆಯವರಿಗೆ ಮನಸಾರೆ ಹೇಳುತ್ತೇನೆ. ಬರುವ ಫೆಬ್ರವರಿಗೂ ನಾವು ಅಲ್ಲಿಗೇ ಕಾದಿರಿಸಿದ್ದೇವೆ, ಈ ಸಲ ನಿಲ್ದಾಣದ ಮಟ್ಟದಲ್ಲೇ ಇರುವ ಮನೆಯನ್ನು.