ಹತ್ತು ಎಂಟರ ಕೋಣೆ, ಮಜ್ಜಿಗೆ ಬಣ್ಣ

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ನಮ್ಮದು ಹಳೇ ಮನೆ. ಅದರ ಒಳಕೋಣೆಯಲ್ಲಿ ಕೂತು ಹನ್ನೆರಡು ವರ್ಷದಿಂದ ಜೀನ್ಸ್ ಪ್ಯಾಂಟ್ ಹೊಲಿಯುತ್ತಿದ್ದೇನೆ. ಕೋಣೆ ಹತ್ತು ಅಡಿ ಉದ್ದ, ಎಂಟು ಅಡಿ ಅಗಲ. ಎರಡು ಮಷೀನು, ಕಟ್ಟಿಂಗ್ ಆದ ಪೀಸುಗಳ ಕಟ್ಟು, ಒಂದು ಸ್ಟೂಲು ಇಟ್ಟರೆ ಮುಗಿಯಿತು. ಗೋಡೆ ಒಡೆಸಿ ದೊಡ್ಡದು ಮಾಡಲು ಆಚೆ ಜಾಗ ಇಲ್ಲ. ಬಣ್ಣವನ್ನಾದರೂ ಬದಲಿಸೋಣ ಅಂತ ಫೆಬ್ರವರಿಯಲ್ಲಿ ಬೆಂಗಳೂರು ರೋಡಿನ ಒಂದು ಬಣ್ಣದ ಅಂಗಡಿಗೆ ಹೋದೆವು. ಅಲ್ಲಿ ಮಿಕ್ಸ್ ಮಾಡಿಸಿದ ಮ್ಯಾಟ್ ಎಮಲ್ಷನ್, ಅಂದರೆ ಹೊಳಪಿಲ್ಲದ ಗೋಡೆ ಬಣ್ಣದ ಬಗ್ಗೆ, ಅಂಗಡಿಯವರು ಹೇಳಿಕೊಟ್ಟದ್ದರ ಬಗ್ಗೆ ಬರೆಯುತ್ತಿದ್ದೇನೆ. ಚಿಕ್ಕ ಕೋಣೆಯಲ್ಲಿ ದಿನ ಕಳೆಯುವವರಿಗೆ ಉಪಯೋಗ ಆಗಲಿ.

ಮೊದಲು ಕೋಣೆ ಹೀಗಿತ್ತು. ಕೆಳಗೆ ಮೂರಡಿ ಕಂದು ಆಯಿಲ್ ಪೇಂಟ್, ಮೇಲೆ ಗಿಳಿಹಸಿರು ಡಿಸ್ಟೆಂಪರ್, ನಡುವೆ ಎರಡಿಂಚಿನ ಕಪ್ಪು ಪಟ್ಟಿ. ಬಾಗಿಲು ಕಡುಕಂದು. ಕೊಳೆ ಕಾಣಬಾರದು ಅಂತ ನಮ್ಮ ಕಡೆ ಎಷ್ಟೋ ಮನೆಯಲ್ಲಿ ಹೀಗೇ ಹಚ್ಚಿಸುತ್ತಾರೆ. ಕಿಟಕಿ ಒಂದೇ, ಎದುರುಮನೆ ಗೋಡೆ ಆರಡಿ ದೂರ. ಹನ್ನೊಂದರಿಂದ ಎರಡರ ತನಕ ಬೆಳಕು, ಆಮೇಲೆ ಟ್ಯೂಬ್‌ಲೈಟು.

ನಾನು ಅಂಗಡಿಯಲ್ಲಿ ಅಚ್ಚ ಬಿಳಿ ಕೇಳಿದೆ. ಅಂಗಡಿಯ ಅಣ್ಣ ಡಬ್ಬಿ ಇಳಿಸಲಿಲ್ಲ. "ಕಿಟಕಿ ಯಾವ ಕಡೆಗೈತಕ್ಕಾ? ಬಿಸಿಲು ಒಳಗೆ ಬರ್ತದಾ?" ಅಂತ ಕೇಳಿದರು. ಹೇಳಿದೆ. "ಬೆಳಕು ಕಮ್ಮಿ ಇರೋ ಕೋಣೆಗೆ ಅಚ್ಚ ಬಿಳಿ ಹಚ್ಚಿದ್ರೆ ಬೂದಿ ಬಳಿದಂಗೆ ಕಾಣ್ತದಕ್ಕಾ" ಅಂದರು. ಆಮೇಲೆ ಶೇಡ್ ಕಾರ್ಡ್ ತೆಗೆದು ಒಂದೊಂದು ಬಣ್ಣದ ಹಿಂದೆ ಇದ್ದ ನಂಬರ್ ತೋರಿಸಿದರು. ಬಣ್ಣ ತನ್ನ ಮೇಲೆ ಬಿದ್ದ ಬೆಳಕಲ್ಲಿ ಎಷ್ಟನ್ನು ವಾಪಸ್ ಕೊಡುತ್ತದೆ ಅನ್ನುವ ಅಳತೆಯಂತೆ ಅದು. 0 ಅಂದರೆ ಕಪ್ಪು, 100 ಅಂದರೆ ಬಿಳಿ. ನಾವು ಕೊನೆಗೆ ಆರಿಸಿದ್ದು 78. ಮಜ್ಜಿಗೆಗೆ ಒಂದೇ ಚಿಟಿಕೆ ಅರಿಶಿನ ಬಿದ್ದಂಥ ಬಣ್ಣ. ನಮ್ಮೂರಿನ ಕೆಂಧೂಳಿಗೂ ಅಚ್ಚ ಬಿಳಿಗಿಂತ ಇದೇ ವಾಸಿ.

ಆರಿಸುವ ಮೊದಲು ಮೂರು ಬಣ್ಣದ ಸ್ಯಾಂಪಲ್ ಡಬ್ಬಿ ತಂದು ದೊಡ್ಡ ರಟ್ಟುಗಳಿಗೆ ಎರಡೆರಡು ಕೋಟ್ ಹಚ್ಚಿದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬೇರೆ ಬೇರೆ ಗೋಡೆಗೆ ಒರಗಿಸಿ ನೋಡಿದೆ. ಕಾರ್ಡಿನಲ್ಲಿ ಮುದ್ದಾಗಿದ್ದ ತಿಳಿ ಗುಲಾಬಿ ಟ್ಯೂಬ್‌ಲೈಟಿನ ಕೆಳಗೆ ಮಂಕಾಯಿತು. ಅಂಗಡಿಯಲ್ಲೇ ಬಿಟ್ಟುಬರಬೇಕು ಅಂದುಕೊಂಡಿದ್ದ ಮಜ್ಜಿಗೆ ಬಣ್ಣ ಮೂರು ಹೊತ್ತೂ ಹಾಗೇ ಉಳಿಯಿತು. ಇನ್ನೊಂದು ಮಾತು: ನಾಲ್ಕೂ ಗೋಡೆ ಒಂದರ ಬಣ್ಣ ಒಂದಕ್ಕೆ ಎರಚುವುದರಿಂದ ಕೋಣೆಯಲ್ಲಿ ಬಣ್ಣ ಕಾರ್ಡಿಗಿಂತ ಗಾಢವಾಗಿ ಕಾಣುತ್ತದೆ. ಇಷ್ಟವಾದದ್ದಕ್ಕಿಂತ ಒಂದು ಮೆಟ್ಟಿಲು ತಿಳಿ ಬಣ್ಣವನ್ನೇ ತಗೊಳ್ಳಿ.

ಆ ಅಣ್ಣ ಕೊಟ್ಟ ದೊಡ್ಡ ಸಲಹೆ ಬೇರೆಯೇ ಇದೆ. ಗೋಡೆ, ಛಾವಣಿ, ಬಾಗಿಲು, ಕಿಟಕಿ ಚೌಕಟ್ಟು, ಎಲ್ಲದಕ್ಕೂ ಒಂದೇ ಬಣ್ಣ ಹಚ್ಚಿಸಿ ಅಂದರು. ಮರಕ್ಕೆ ಮಾತ್ರ ಅದೇ ಶೇಡಿನ ಎನಾಮಲ್. ನಮ್ಮ ಮನೆಯವರು ಒಪ್ಪಲಿಲ್ಲ, ಬಾಗಿಲು ಅಂದ ಮೇಲೆ ಬಾಗಿಲ ಥರ ಕಾಣಬೇಕು ಅಂದರು. ನನಗೆ ಮಾತ್ರ ತಕ್ಷಣ ಹೊಳೆಯಿತು. ನೀಲಿ ಪ್ಯಾಂಟಿಗೆ ಕಿತ್ತಳೆ ದಾರ ಹಾಕಿದರೆ ಜೇಬು, ಸೊಂಟಪಟ್ಟಿ, ಪಕ್ಕದ ಹೊಲಿಗೆ ಎಲ್ಲಾ ಎದ್ದು ಕಾಣುತ್ತವೆ. ನೀಲಿಗೆ ನೀಲಿ ದಾರವನ್ನೇ ಹಾಕಿ ನೋಡಿ, ಒಂದು ಪೀಸ್ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಸುಲಭಕ್ಕೆ ಸಿಗಲ್ಲ. ನಮ್ಮ ಗೋಡೆಯ ಕಪ್ಪು ಪಟ್ಟಿ ಆ ಕಿತ್ತಳೆ ದಾರವೇ ಅಲ್ವಾ? ಇಲ್ಲಿಗೆ ಗೋಡೆ ಅರ್ಧ, ಇಲ್ಲಿಗೆ ಮುಗೀತು ಅಂತ ಕಣ್ಣಿಗೆ ಗೆರೆ ಎಳೆದು ತೋರಿಸುತ್ತಿತ್ತು.

ಕೆಲಸಕ್ಕೆ ಮೂರು ದಿನ ಹಿಡಿಯಿತು. ಆರು ವರ್ಷದ ಹಿಂದೆ ಒಬ್ಬರು ಹಳೇ ಸುಣ್ಣದ ಮೇಲೇ ಡಿಸ್ಟೆಂಪರ್ ಬಳಿದು ಹೋಗಿದ್ದರು. ವರ್ಷ ತುಂಬುವಷ್ಟರಲ್ಲಿ ಹಪ್ಪಳದ ಹಾಗೆ ಎದ್ದು ಹೊಲಿದ ಬಟ್ಟೆ ಮೇಲೆ ಉದುರುತ್ತಿತ್ತು. ಅದಕ್ಕೇ ಈ ಸಲ ಒಂದು ದಿನ ಪೂರ್ತಿ ಕೆರೆಸಿದೆವು. ಕಂದು ಆಯಿಲ್ ಪೇಂಟನ್ನೂ ಉಜ್ಜಿಸಿದೆವು. ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ತಳದ ಕೋಟ್), ಪುಟ್ಟಿ (ಗೋಡೆಯ ತಗ್ಗು ತುಂಬುವ ಹಿಟ್ಟು), ಮತ್ತೆ ಪ್ರೈಮರ್, ಆಮೇಲೆ ಬಣ್ಣ ಎರಡು ಕೋಟ್. ಗೋಡೆ ಒಂಬತ್ತಡಿ ಎತ್ತರ, ಛಾವಣಿ ಸೇರಿ ಹೆಚ್ಚುಕಮ್ಮಿ ಆರು ಲೀಟರ್ ಬಣ್ಣ ಹೋಯಿತು. ನಾಲ್ಕು ಲೀಟರಿನ ಒಂದು, ಒಂದು ಲೀಟರಿನ ಎರಡು ಡಬ್ಬಿ. ಮೂರನ್ನೂ ಒಂದೇ ಬಕೆಟ್ಟಿಗೆ ಸುರಿದು ಕಲಸಿದ ಮೇಲೇ ಹಚ್ಚಿದರು, ಇಲ್ಲದಿದ್ದರೆ ಡಬ್ಬಿಯಿಂದ ಡಬ್ಬಿಗೆ ಸ್ವಲ್ಪ ಬಣ್ಣ ವ್ಯತ್ಯಾಸ ಬರಬಹುದಂತೆ. ಸಾಮಾನಿಗೆ ಒಟ್ಟು 4,200 ರೂಪಾಯಿ, ಕೂಲಿ ಬೇರೆ.

ಮೊದಲ ಸಲ ಒಳಗೆ ಬಂದ ನಮ್ಮತ್ತೆ ಕೇಳಿದ್ದು, "ಒಂದು ಮಷೀನು ಆಚೆ ಇಟ್ಟಿಯೇನೇ?" ಅಂತ. ಎರಡೂ ಇದ್ದಲ್ಲೇ ಇದ್ದವು. ಈಗ ನಾನು ನಾಲ್ಕೂವರೆ ತನಕ ಟ್ಯೂಬ್‌ಲೈಟ್ ಹಾಕುವುದಿಲ್ಲ. ಕಡುನೀಲಿ ಬಟ್ಟೆಯ ಮೇಲೆ ನೀಲಿ ದಾರ ಮೂರು ಗಂಟೆಗೂ ಕಾಣುತ್ತದೆ. ಹನ್ನೆರಡು ವರ್ಷದಲ್ಲಿ ಇದೇ ಮೊದಲು, ಸಂಜೆ ಹೊತ್ತಿಗೆ ಕಣ್ಣು ಉರಿಯುವುದು ಕಮ್ಮಿಯಾಗಿದೆ. ನನಗೆ ಇದು ಸಣ್ಣ ವಿಷಯ ಅಲ್ಲ.

ಒಂದು ತೊಂದರೆ ಇದೆ. ತೊಳೆಯದ ಜೀನ್ಸ್ ಬಟ್ಟೆ ಬಣ್ಣ ಬಿಡುತ್ತದೆ. ಕಟ್ಟು ಒರಗಿಸುವ ಮೂಲೆಯಲ್ಲಿ ಒಂದೇ ತಿಂಗಳಿಗೆ ನೀಲಿ ಮಚ್ಚೆ ಬಿತ್ತು. ಒದ್ದೆ ಬಟ್ಟೆಯಲ್ಲಿ ಉಜ್ಜಿದೆ, ಮಚ್ಚೆ ಪೂರ್ತಿ ಹೋಗಲಿಲ್ಲ, ಉಜ್ಜಿದ ಜಾಗ ಮಾತ್ರ ಹೊಳೆಯತೊಡಗಿತು. ಸಾಮಾನ್ಯ ಮ್ಯಾಟ್ ಬಣ್ಣಕ್ಕೆ ಹೆಚ್ಚಾಗಿ ಈ ಗುಣ ಇರುತ್ತದೆ. ಆದರೆ ನಮ್ಮ ಗೋಡೆಯ ಉಬ್ಬು ತಗ್ಗು ಮುಚ್ಚಿದ್ದೂ ಅದೇ, ಹೊಳೆಯುವ ಬಣ್ಣ ಹಚ್ಚಿದ್ದರೆ ಎಲ್ಲಾ ಎದ್ದು ಕಾಣುತ್ತಿತ್ತು. ಗೋಡೆ ತೊಳೆಯಲೇಬೇಕಾದ ಕೋಣೆಯಾದರೆ ಸ್ವಲ್ಪ ಹೊಳಪಿನ, ತೊಳೆಯಬಹುದಾದ ಎಮಲ್ಷನ್ ಕೇಳಿ. ನಾನು ಆ ಮೂಲೆಗೆ ಹಳೇ ಪ್ಲೈವುಡ್ ಹಲಗೆ ನಿಲ್ಲಿಸಿದ್ದೇನೆ. ಉಳಿದ ಚೂರು ಬಣ್ಣವನ್ನು ಡಬ್ಬಿಗೆ ಸುರಿದು, ಮುಚ್ಚಳ ಬಿಗಿದು ಎತ್ತಿಟ್ಟಿದ್ದೇನೆ, ಮುಚ್ಚಳದ ಮೇಲಿನ ಚೀಟಿಯನ್ನೂ ಕಿತ್ತಿಲ್ಲ. ಅಂಗಡಿಯ ಬಣ್ಣ ಕಲಸುವ ಮಷೀನು ಯಾವ ಬಣ್ಣ ಎಷ್ಟು ಹಾಕಿತು ಅನ್ನುವ ಲೆಕ್ಕ ಅದರಲ್ಲೇ ಇದೆ. ದಸರೆಗೆ ಅಡುಗೆಮನೆಗೆ ಬಣ್ಣ ಹಚ್ಚಿಸುವಾಗ ಅದೇ ಚೀಟಿ ಹಿಡಿದುಕೊಂಡು ಅದೇ ಅಂಗಡಿಗೆ ಹೋಗುತ್ತೇವೆ.