ಅಘನಾಶಿನಿ: ಗಡಿಯಾರವಲ್ಲ, ಭರತ-ಇಳಿತ ನೋಡಿಕೊಂಡು ಹೋಗಬೇಕಾದ ಊರು

ಕುಮಟಾ ತಾಲೂಕಿನ ಅಘನಾಶಿನಿಯನ್ನು ಗೋಕರ್ಣದ ಪಕ್ಕದ ಇನ್ನೊಂದು ಬೀಚು ಎಂದುಕೊಂಡು ಹೋದವರಿಗೆ ಅರ್ಧ ದಿನದಲ್ಲೇ ಬೇಸರ ಬರುತ್ತದೆ. ನದಿ ಕಡಲು ಸೇರುವ ಅಳಿವೆ ನೋಡಲೆಂದೇ ಹೋದವರಿಗೆ ಎರಡು ದಿನವೂ ಸಾಲುವುದಿಲ್ಲ. ಅಂಕ ಕೊಡುವುದಾದರೆ ಅಳಿವೆಗೆ ಐದಕ್ಕೆ ಐದು, ಪ್ರವಾಸಿ ಸೌಕರ್ಯಕ್ಕೆ ಐದಕ್ಕೆ ಎರಡು. ಆ ಎರಡು ಹಾಗೆಯೇ ಉಳಿದರೆ ಊರಿಗೂ ಒಳ್ಳೆಯದು, ಹಕ್ಕಿಗಳಿಗೂ ಒಳ್ಳೆಯದು.

ಊರು ಇರುವುದು ಅಘನಾಶಿನಿ ನದಿ ಕಡಲು ಸೇರುವಲ್ಲಿ, ದಕ್ಷಿಣದ ದಡದಲ್ಲಿ. ಎದುರು ದಡ ತದಡಿ. ಶಿರಸಿ ಕಡೆಯಿಂದ ಘಟ್ಟ ಇಳಿದು ಬರುವ ಈ ನದಿಗೆ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಇಲ್ಲಿ ಕಾಣುವ ಎಲ್ಲದರ ಮೂಲ ಅದೇ. ಮಳೆಗಾಲದಲ್ಲಿ ಘಟ್ಟದ ಮಣ್ಣು, ಸಿಹಿನೀರು ತಡೆಯಿಲ್ಲದೆ ಕೆಳಗಿಳಿಯುತ್ತವೆ, ಬೇಸಿಗೆಯಲ್ಲಿ ಕಡಲಿನ ಉಪ್ಪುನೀರು ಒಳಗೆ ಏರುತ್ತದೆ. ಈ ಅದಲುಬದಲಿನ ಮೇಲೆಯೇ ಬಳಚು ಎಂಬ ಚಿಪ್ಪುಮೀನು, ಸಿಗಡಿ, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡು, ಕಗ್ಗ ಭತ್ತ ಎಲ್ಲವೂ ನಿಂತಿವೆ. 2024ರ ಜನವರಿಯಲ್ಲಿ 4,801 ಹೆಕ್ಟೇರ್ ವಿಸ್ತಾರದ ಈ ಅಳಿವೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು.

ತಲುಪುವುದು ಸುಲಭ. ಕೊಂಕಣ ರೈಲಿನಲ್ಲಿ ಕುಮಟಾದಲ್ಲಿ ಇಳಿದರೆ ಅಲ್ಲಿಂದ ರಸ್ತೆಯಲ್ಲಿ ಸುಮಾರು 10 ಕಿ.ಮೀ. ಬಸ್ಸಿನಲ್ಲಿ ಹೋಗುವವರು ವಾಪಸು ಬರುವ ಕೊನೆಯ ಬಸ್ಸಿನ ಹೊತ್ತನ್ನು ಹತ್ತುವಾಗಲೇ ಕೇಳಿಟ್ಟುಕೊಳ್ಳಿ. ಗೋಕರ್ಣದ ಕಡೆಯಿಂದ ಬರುವವರಿಗೆ ತದಡಿಯಿಂದ ಬಾರ್ಜ್ ಇದೆ. ನಡೆದು ಬರುವವರಿಗೆ, ಬೈಕಿನವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ದಾಟುವ ಆ ಕೆಲವು ನಿಮಿಷಗಳಲ್ಲೇ ಅಳಿವೆಯ ಅಗಲ ಅರ್ಥವಾಗುತ್ತದೆ. ಕಾರಿನವರು ಮಾತ್ರ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಮಿರ್ಜಾನ ಬಳಿ ಸೇತುವೆ ದಾಟಿ ಸುತ್ತಿಕೊಂಡು ಬರುವ ಲೆಕ್ಕವನ್ನೇ ಇಟ್ಟುಕೊಳ್ಳಬೇಕು. ಬಾರ್ಜಿನ ಕೊನೆಯ ಸರದಿ ತಪ್ಪಿದರೆ ನಡೆದು ಬಂದವರಿಗೂ ಅದೇ ಸುತ್ತು. ಗಾಳಿ-ಮಳೆ ಜೋರಾದ ದಿನ ಬಾರ್ಜನ್ನು ನಂಬಿ ಯೋಜನೆ ಹಾಕಬೇಡಿ.

ಇನ್ನು ಮುಖ್ಯ ವಿಷಯ, ನೀರಿನ ಹೊತ್ತು. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಶನಿವಾರ ಬೆಳಿಗ್ಗೆ 7ಕ್ಕೆ ನೀರು ಪೂರ್ತಿ ಇಳಿದಿದ್ದರೆ ಭಾನುವಾರ ಅದೇ ನೋಟಕ್ಕೆ 8 ಗಂಟೆಯ ಹತ್ತಿರ ಬರಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ನೀರು ಏರಿಳಿಯುವ ಅಂತರ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ. ಕೆಸರುಬಯಲು, ಮರಳುದಿಬ್ಬ ಪೂರ್ತಿ ತೆರೆದುಕೊಳ್ಳುವುದನ್ನು ನೋಡಬೇಕೆಂದರೆ ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದ ಒಂದೆರಡು ದಿನ ಆರಿಸಿಕೊಳ್ಳಿ. ಕಾರವಾರ ಬಂದರಿನ ಭರತ-ಇಳಿತದ ಪಟ್ಟಿ ಹತ್ತಿರದ ಆಧಾರ. ಆದರೆ ಅದರ ಹೊತ್ತು ಅಳಿವೆಯ ಬಾಯಿಗೆ ಹೊಂದುವಷ್ಟು ಒಳಭಾಗಕ್ಕೆ ಹೊಂದುವುದಿಲ್ಲ. ಒಳಗೆ ಹೋದಷ್ಟೂ ನೀರು ತಡವಾಗಿ ಏರುತ್ತದೆ, ತಡವಾಗಿ ಇಳಿಯುತ್ತದೆ. ದಡದಲ್ಲಿ ಬಲೆ ಸರಿಮಾಡುತ್ತಿರುವವರನ್ನು ಒಂದು ಮಾತು ಕೇಳಿದರೆ ಪಟ್ಟಿಗಿಂತ ನಿಖರವಾದ ಉತ್ತರ ಸಿಗುತ್ತದೆ.

ನೀರು ಇಳಿಯುತ್ತಿದ್ದಂತೆ ಸೊಂಟದ ಮಟ್ಟದ ನೀರಿನಲ್ಲಿ ಬಳಚು ಆರಿಸುವ ಕೆಲಸ ಶುರುವಾಗುತ್ತದೆ. ಕಾಲಿನಲ್ಲಿ ತಡವಿ, ಕೈಯಲ್ಲಿ ಬಗೆದು ತೆಗೆಯುವ ಈ ದುಡಿಮೆಗೆ ಸಿಗುವುದು ದಿನಕ್ಕೆ ಕೆಲವೇ ಗಂಟೆ. ಆದ್ದರಿಂದ ದೂರದಿಂದ ನೋಡಿ, ಅಡ್ಡ ನಿಂತು ಮಾತಿಗೆಳೆಯಬೇಡಿ, ಕೇಳದೆ ಫೋಟೊ ತೆಗೆಯಬೇಡಿ. ಬಳಚು ಕೊಂಡು ಅಡುಗೆ ಮಾಡಿಸುವವರು ಒಂದು ವಿಷಯ ತಿಳಿದಿರಲಿ. ಇವು ನೀರನ್ನು ಸೋಸಿ ತಿನ್ನುವ ಜೀವಿಗಳು, ಒಳಗೆ ಮರಳು ಇದ್ದೇ ಇರುತ್ತದೆ. ಉಪ್ಪುನೀರಿನಲ್ಲಿ ಎರಡು ಮೂರು ಗಂಟೆ ಬಿಟ್ಟರೆ ಬಹುಪಾಲು ಮರಳನ್ನು ತಾವೇ ಉಗುಳುತ್ತವೆ. ಸಿಹಿನೀರಿನಲ್ಲಿ ಹಾಕಿದರೆ ಬಾಯಿ ಮುಚ್ಚಿಕೊಂಡು ಸಾಯುತ್ತವೆ, ಮರಳು ಒಳಗೇ ಉಳಿದು ಊಟದಲ್ಲಿ ಹಲ್ಲಿಗೆ ಸಿಗುತ್ತದೆ. ಬೇಯಿಸುವ ಮುಂಚೆ ಬಾಯಿ ತೆರೆದಿದ್ದು ತಟ್ಟಿದರೂ ಮುಚ್ಚದವು, ಬೆಂದ ಮೇಲೂ ಬಾಯಿ ತೆರೆಯದವು, ಎರಡನ್ನೂ ಎಸೆಯಬೇಕು.

ಕಾಂಡ್ಲಾ ಕಾಡಿನ ಒಳಗೆ ನಡೆದು ಹೋಗುವ ಆಸೆ ಬೇಡ. ಕೆಸರಿನಿಂದ ಪೆನ್ಸಿಲ್ ನೆಟ್ಟಂತೆ ಮೇಲೆದ್ದಿರುವವು ಉಸಿರಾಡುವ ಬೇರುಗಳು. ಕೆಸರಿನಲ್ಲಿ ಗಾಳಿ ಇಲ್ಲದ ಕಾರಣ ಮರ ಅವುಗಳಿಂದಲೇ ಗಾಳಿ ಎಳೆದುಕೊಳ್ಳುತ್ತದೆ, ತುಳಿದರೆ ಮುರಿಯುತ್ತವೆ. ಬೇರಿಗೆ ಅಂಟಿದ ಚಿಪ್ಪುಗಳ ಅಂಚು ಬ್ಲೇಡಿನಷ್ಟು ಹರಿತ, ರಬ್ಬರ್ ಚಪ್ಪಲಿ ಕೆಸರಿನಲ್ಲೇ ಉಳಿದುಬಿಡುತ್ತದೆ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿ ಗಜನಿಯ (ಉಪ್ಪುನೀರು ತಡೆದು ಬೆಳೆ ತೆಗೆಯುವ ಗದ್ದೆಯ) ಕಟ್ಟೆಯ ಮೇಲೆ ನಡೆದರೆ ಅದೇ ಕಾಡನ್ನು ಇನ್ನೂ ಚೆನ್ನಾಗಿ ನೋಡಬಹುದು. ಭರತದ ಹೊತ್ತಿಗೆ ದೋಣಿ ಸಿಕ್ಕರೆ ಮತ್ತೂ ಒಳ್ಳೆಯದು. ಇಳಿತದಲ್ಲಿ ಹೊರಟರೆ ದೋಣಿ ದಿಬ್ಬಕ್ಕೆ ತಾಗಿ, ನೀರು ಏರುವವರೆಗೆ ಬಿಸಿಲಿನಲ್ಲಿ ಕೂರಬೇಕಾದೀತು.

ಗಜನಿ ಗದ್ದೆಗಳಿಗೆ ಹೆಚ್ಚಿನವರು ಹೋಗುವುದೇ ಇಲ್ಲ. ಅಳಿವೆಯ ಪ್ರವಾಸದಲ್ಲಿ ನಿಜಕ್ಕೂ ಅಪರೂಪದ್ದು ಅದೇ. ಮಾಣಿಕಟ್ಟಾ ಸುತ್ತಿನಲ್ಲಿ ಕಟ್ಟೆ ಕಟ್ಟಿ ಉಪ್ಪುನೀರು ತಡೆದ ಗದ್ದೆಗಳಿವೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಬೆಳೆಯುತ್ತಾರೆ, ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಎತ್ತರದ ಭತ್ತ ಅದು. ಕೊಯ್ಲಾದ ಮೇಲೆ ತೂಬಿನ ಬಾಗಿಲು ತೆರೆದು ಉಪ್ಪುನೀರು ಒಳಗೆ ಬಿಟ್ಟರೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಉಳಿದ ಕೂಳೆ, ಕಸವೇ ಅವಕ್ಕೆ ಮೇವು. ಕಟ್ಟೆ ಒಡೆದರೆ ಮಾತ್ರ ಉಪ್ಪುನೀರು ಅಕಾಲದಲ್ಲಿ ನುಗ್ಗಿ ಬೆಳೆ ಕೈತಪ್ಪುತ್ತದೆ. ಹಾಗಾಗಿ ಕಟ್ಟೆಯ ಹಸಿ ಅಂಚಿನಲ್ಲಿ ಕಾಲಿಡಬೇಡಿ, ಬೈಕನ್ನಂತೂ ಹತ್ತಿಸಲೇಬೇಡಿ.

ಹಕ್ಕಿ ನೋಡುವವರು ಇಳಿತದಲ್ಲಿ ಬಂದು ನಿರಾಶರಾಗುವುದುಂಟು. ಆಗ ಕೆಸರುಬಯಲು ವಿಶಾಲ, ಹಕ್ಕಿಗಳು ಚದುರಿ ಚುಕ್ಕಿಗಳಂತೆ ಕಾಣುತ್ತವೆ. ನೀರು ಏರತೊಡಗಿದ ಮೇಲೆ ತೆರೆದ ಜಾಗ ಕಿರಿದಾಗುತ್ತಾ ಬಂದು ಗೊರವ, ರೀವ, ಬೆಳ್ಳಕ್ಕಿಗಳೆಲ್ಲ ದಡದ ಹತ್ತಿರಕ್ಕೆ ಸರಿಯುತ್ತವೆ. ಭರತಕ್ಕೆ ಮುಂಚಿನ ಎರಡು ಗಂಟೆ ಸೂರ್ಯನಿಗೆ ಬೆನ್ನು ಹಾಕಿ ಕುಳಿತರೆ 8×42 ಬೈನಾಕ್ಯುಲರ್ ಸಾಕು. ವಲಸೆ ಹಕ್ಕಿಗಳಿಗೆ ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಗರುಡ, ಮಿಂಚುಳ್ಳಿ ವರ್ಷವಿಡೀ ಸಿಗುತ್ತವೆ.

ಈಜಿನ ವಿಷಯದಲ್ಲಿ ರಿಯಾಯಿತಿ ಇಲ್ಲ: ಅಳಿವೆಯ ಬಾಯಿಯಲ್ಲಿ ನೀರಿಗೆ ಇಳಿಯಬೇಡಿ. ಇಳಿತದಲ್ಲಿ ಒಳಗಿನ ನೀರೆಲ್ಲ ಇಕ್ಕಟ್ಟಾದ ಬಾಯಿಯಿಂದ ಹೊರಕ್ಕೆ ನುಗ್ಗುತ್ತದೆ. ಮೇಲ್ನೋಟಕ್ಕೆ ಶಾಂತ, ಸೆಳೆತ ಮಾತ್ರ ಕಡಲಿನ ಕಡೆಗೆ. ಎದುರಿನಿಂದ ಅಲೆ ಬಂದು ಈ ಹರಿವಿಗೆ ಬಡಿದಾಗ ದಿಬ್ಬದ ಮೇಲೆ ನೀರು ಎದ್ದು ಒಡೆಯುತ್ತದೆ. ಮೀನುದೋಣಿಗಳೂ ಅಲ್ಲಿ ಹೊತ್ತು ನೋಡಿಯೇ ದಾಟುತ್ತವೆ. ದಕ್ಷಿಣಕ್ಕೆ ಕಾಗಾಲ, ಬಾಡ ಕಡೆಯ ಉದ್ದನೆಯ ಮರಳದಂಡೆ ನಡಿಗೆಗೆ ಚಂದ. ಅಲ್ಲಿಯೂ ಮೊಣಕಾಲಿನ ಮಟ್ಟ ಮೀರಬೇಡಿ. ಅಲೆ ಒಡೆಯದ ಕಪ್ಪು ಪಟ್ಟೆ ಕಂಡರೆ ಅದು ಸುರಕ್ಷಿತ ಜಾಗವಲ್ಲ, ನೀರು ಹಿಂದಕ್ಕೆ ಸೆಳೆಯುವ ಕಾಲುವೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಊರು ಅತ್ಯಂತ ಹಸಿರು, ಅಷ್ಟೇ ಕಷ್ಟ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಕಡಲಮೀನಿನ ಊಟಕ್ಕೆಂದೇ ಆಗ ಬರಬೇಡಿ. ಏಪ್ರಿಲ್, ಮೇ ತಿಂಗಳ ಸೆಖೆಯಲ್ಲಿ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಹೊರಗಿರಲು ಆಗುವುದಿಲ್ಲ. ಅಕ್ಟೋಬರ್ ಕೊನೆಗೆ ಬಂದರೆ ಗಜನಿಯ ಕೊಯ್ಲು, ನೆಲದ ಹಸಿರು, ಮೊದಲ ವಲಸೆ ಹಕ್ಕಿ ಮೂರೂ ಸಿಗುತ್ತವೆ. ನನ್ನ ಆಯ್ಕೆ ಅದೇ.

ಉಳಿಯಲು ಕುಮಟಾ ಅಥವಾ ಗೋಕರ್ಣದಲ್ಲಿ ಆಯ್ಕೆ ಹೆಚ್ಚು. ಆದರೆ ಬೆಳಗಿನ ಇಳಿತ ನೋಡಬೇಕಾದರೆ ಅಳಿವೆಯ ಹತ್ತಿರವೇ ಮನೆವಾಸ್ತವ್ಯ ಹುಡುಕುವುದು ಮೇಲು. ಊಟವನ್ನು ಹಿಂದಿನ ದಿನವೇ ಹೇಳಿಡಿ, ಸಣ್ಣ ಊರಿನಲ್ಲಿ ಹೊತ್ತಲ್ಲದ ಹೊತ್ತಿಗೆ ಅಡುಗೆ ಸಿದ್ಧವಿರುವುದಿಲ್ಲ. ಚಿಲ್ಲರೆ ಹಣ, ಕುಡಿಯುವ ನೀರು, ಸೊಳ್ಳೆಗೆ ಹಚ್ಚುವ ಮುಲಾಮು ಚೀಲದಲ್ಲಿರಲಿ. ಕಾಂಡ್ಲಾ ಪಕ್ಕದಲ್ಲಿ ಸಂಜೆ ಸೊಳ್ಳೆ ಕಾಟ ಜೋರು.

ಭರತದ ಹೊತ್ತು ನಡುಹಗಲಿಗೆ ಬಿದ್ದ ದಿನ ಮಿರ್ಜಾನ ಕೋಟೆಗೆ ಹೋಗಿ ಬರಬಹುದು, ಚಿರೆಕಲ್ಲಿನ ಗೋಡೆ, ಒಳಗಿನ ಬಾವಿಗಳು ನೋಡಲು ಒಂದೂವರೆ ಗಂಟೆ ಸಾಕು. ಇದೇ ನದಿ ಘಟ್ಟದಲ್ಲಿ 116 ಮೀಟರ್ ಎತ್ತರದಿಂದ ಧುಮುಕುವ ಉಂಚಳ್ಳಿಯನ್ನು ಮಾತ್ರ ಅದೇ ದಿನಕ್ಕೆ ತುರುಕಬೇಡಿ. ಘಟ್ಟದ ರಸ್ತೆಗೆ ಅರ್ಧ ದಿನ ಹೋಗುತ್ತದೆ, ಸಂಜೆಯ ಇಳಿತ ತಪ್ಪುತ್ತದೆ.